ನೇರಳೆ ಚೀಟಿ

ಪತ್ರಿಕೆ ಏಜೆಂಟರಾಗಿದ್ದ ಅಪ್ಪ ಹೊಸ ಸೂಪರ್‌ಹೀರೋ ಕಾಮಿಕ್ಸೊಂದರ ಮೊದಲ ಸಂಚಿಕೆ ಬಂದ ದಿನ ಎರಡು ಪ್ರತಿ ಮನೆಗೆ ತಂದಿದ್ದರು. ಒಂದೇ ತಂದಿದ್ದರೆ ಮಕ್ಕಳಿಬ್ಬರೂ ಜುಟ್ಟು ಹಿಡಿದುಕೊಳ್ಳುತ್ತಿದ್ದರು. ದೊಡ್ಡವನು ತನ್ನದನ್ನು ಓದಿ, ಮಡಚಿ, ಮೇಲೆ ಲೋಟ ಇಟ್ಟು ಹಾಳು ಮಾಡಿದ. ಚಿಕ್ಕವನಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಅವನು ಕೈ ತೊಳೆದು ಬಂದು ಪುಟ ತೆರೆದು, ಕೆಂಪು ಮುಖವಾಡದ ವೀರನ ಚಿತ್ರವನ್ನು ನೋಡಿ ನೋಡಿ ಬರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್ ಆದ.

ದೊಡ್ಡವನು ತೆರಿಗೆ ಸಲಹೆಗಾರನಾದ. ಕೈಯಲ್ಲಿ ದುಡ್ಡು ಆಡತೊಡಗಿದ ಮೇಲೆ ಹಳೆಯ ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ಹರಾಜಿನಲ್ಲಿ ಕೊಳ್ಳುವ ಹುಚ್ಚು ಹಿಡಿಯಿತು. ಅವನ ಕೋಣೆಯ ಗೋಡೆ ತುಂಬ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗಳು. ಒಂದೊಂದರಲ್ಲೂ ಒಂದು ಪುಸ್ತಕ, ಅದರ ನೆತ್ತಿಯಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂದು ಹೇಳುವ ಚೀಟಿ. ಗ್ರೇಡಿಂಗ್ ಕಂಪನಿಯವರು ಪುಸ್ತಕ ಪರೀಕ್ಷಿಸಿ, ಅಂಕ ಕೊಟ್ಟು, ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಮುಚ್ಚಿದ್ದನ್ನು ಮತ್ತೆ ಯಾರೂ ಓದುವುದಿಲ್ಲ.

ಅದೇ ಮೊದಲ ಸಂಚಿಕೆಯ ಬೇರೊಂದು ಪ್ರತಿಯನ್ನು ಅವನು ಕೊಂಡಿದ್ದ. ಅದಕ್ಕೆ ಏಳೂವರೆ ಅಂಕ. ಅದಕ್ಕಿಂತ ಮೇಲಿನ ಪ್ರತಿ ಇನ್ನೆಲ್ಲೂ ಇಲ್ಲ ಎಂಬುದರ ಮೇಲೆಯೇ ಅದರ ಬೆಲೆ ನಿಂತಿತ್ತು. ಮುಂದಿನ ಹರಾಜಿಗೆ ಅದನ್ನು ಇಡುವವನಿದ್ದ.

ಪೇಂಟರ್ ಒಂದು ಸಂಜೆ ತನ್ನ ಪ್ರತಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಅಣ್ಣನ ಮನೆಗೆ ಬಂದ. ಅವನ ಬಾಡಿಗೆ ಅಂಗಡಿಯನ್ನು ಮಾಲೀಕ ಮಾರಲು ಹೊರಟಿದ್ದ. ಪುಸ್ತಕವನ್ನು ಹರಾಜಿಗಿಡುವ ಯೋಚನೆ ಕೇಳಿ, ಮೊದಲ ಅವಕಾಶ ನಿನಗೇ, ಹರಾಜು ಮುಗಿಯಲಿ, ಅಲ್ಲಿಯವರೆಗೆ ಕಾಯುತ್ತೇನೆ ಎಂದಿದ್ದ.

"ಇದನ್ನ ಮಾರಿದ್ರೆ ಅಂಗಡಿ ನಂದಾಗುತ್ತಾ ಅಣ್ಣ?"

ಅಣ್ಣ ಟೇಬಲ್ ದೀಪದ ಕೆಳಗೆ ಪುಟ ಮಗುಚಿದ. ಪಿನ್ನಿಗೆ ತುಕ್ಕು ಹಿಡಿದಿರಲಿಲ್ಲ. ಮೂಲೆಗಳು ಚೂಪಾಗಿದ್ದವು. ಎಂಟೂವರೆಗೆ ಕಡಿಮೆಯಿಲ್ಲ ಎಂದು ಅವನಿಗೆ ಗೊತ್ತಾಯಿತು. ತಲೆಯೆತ್ತಿ ಗೋಡೆಯ ಮೇಲಿನ ತನ್ನ ಏಳೂವರೆಯ ಪೆಟ್ಟಿಗೆಯತ್ತ ನೋಡಿದ.

"ಆಗ್ಬಹುದು" ಎಂದ. "ಗ್ರೇಡಿಂಗ್ ಮಾಡಿಸಿ ನನ್ನದ್ರ ಜೊತೆಗೇ ಹರಾಜಿಗೆ ಕಳಿಸೋಣ."

ಪೇಂಟರ್ ಬಗ್ಗಿ ನೋಡಿದ. ಬೆನ್ನಿನ ಮಡಿಕೆಯ ಹತ್ತಿರ ಕೆಂಪು ಬಣ್ಣ ಸಾಸಿವೆಯಷ್ಟು ಉದುರಿ ಬಿಳಿ ಕಾಗದ ಇಣುಕುತ್ತಿತ್ತು. ಮೂವತ್ತು ವರ್ಷ ಬೋರ್ಡ್ ಬರೆದ ಕಣ್ಣು ಅದೊಂದನ್ನೇ ಕಂಡಿತು.

"ಥೂ, ಹಲ್ಲು ಬಿದ್ದ ಮದುಮಗನ ಥರ ಕಾಣುತ್ತೆ. ಒಂದು ಚುಕ್ಕೆ ಇಟ್ಟುಬಿಡ್ಲಾ? ಬಣ್ಣ ಚೀಲದಲ್ಲೇ ಇದೆ."

ಹಳೆಯ ಕಾಮಿಕ್ಸಿಗೆ ಬಣ್ಣ ತಾಗಿಸಬಾರದು ಎಂಬುದು ಈ ವ್ಯವಹಾರದ ಮೊದಲ ಪಾಠ. ಹರಿದಿದ್ದರೂ ನಡೆಯುತ್ತದೆ, ಬಣ್ಣ ಉದುರಿದ್ದರೂ ನಡೆಯುತ್ತದೆ. ಹಚ್ಚಿದ್ದು ಸಿಕ್ಕಿಬಿದ್ದರೆ ನೀಲಿ ಚೀಟಿಯ ಬದಲು ನೇರಳೆ ಚೀಟಿ ಅಂಟಿಸುತ್ತಾರೆ. ನೇರಳೆ ಚೀಟಿಯ ಪುಸ್ತಕವನ್ನು ದೊಡ್ಡ ಸಂಗ್ರಾಹಕರು ಕಣ್ಣೆತ್ತಿಯೂ ನೋಡುವುದಿಲ್ಲ. ಅಣ್ಣನಿಗೆ ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

"ನಿನ್ನ ಪುಸ್ತಕ, ನಿನ್ನ ಕೈ" ಎಂದ.

"ಹಾಗಾದ್ರೆ ಸ್ವಲ್ಪ ಲೈಟ್ ಹಿಡ್ಕೊ."

ಅಣ್ಣ ದೀಪ ಬಗ್ಗಿಸಿ ಹಿಡಿದ. ಪೇಂಟರ್ ಕೆಂಪಿಗೆ ಕಂಡೂ ಕಾಣದಷ್ಟು ಕಂದು ಬೆರೆಸಿ, ಉಗುರಿನ ಮೇಲೆ ಹಚ್ಚಿ ತಾಳೆ ನೋಡಿ, ಉಸಿರು ಬಿಗಿಹಿಡಿದು ಕುಂಚದ ತುದಿ ತಾಗಿಸಿದ. ಬಿಳಿ ಮಾಯವಾಯಿತು.

ಟೀ ತಂದ ಅತ್ತಿಗೆ ಕನ್ನಡಕ ಏರಿಸಿ ಹುಡುಕಿದರು. "ಎಲ್ಲಿ ಹಚ್ಚಿದೆಯಪ್ಪಾ? ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ."

"ಅವನ ಕೈ ಅಂದ್ರೆ ಸುಮ್ನೇನಾ" ಎಂದ ಅಣ್ಣ.

ಕೆಲವು ವಾರಗಳ ನಂತರ ಪೆಟ್ಟಿಗೆ ಬಂತು. ಚೀಟಿಯ ಮೇಲೆ ಎಂಟೂವರೆ ಎಂದಿತ್ತು. ಚೀಟಿ ನೇರಳೆಯಾಗಿತ್ತು. ಪೇಂಟರ್ ಅಂಕ ನೋಡಿದ.

"ನಿಂದಕ್ಕಿಂತ ಒಂದು ಜಾಸ್ತಿ ಕಣೋ ಅಣ್ಣ. ಬೇಜಾರಿಲ್ಲ ತಾನೇ?"

"ನನಗ್ಯಾಕೆ ಬೇಜಾರು?"

"ನೇರಳೆ ಬಣ್ಣ ಚೆನ್ನಾಗಿ ಒಪ್ಪುತ್ತೆ ಇದಕ್ಕೆ."

"ಒಪ್ಪುತ್ತೆ."

ಪೇಂಟರ್ ಅಲ್ಲಿಂದ ನೇರ ಅಂಗಡಿ ಮಾಲೀಕನ ಬಳಿ ಹೋಗಿ ಮಾತು ಕೊಟ್ಟು ಬಂದ. ಶಟರ್ ಉಜ್ಜಿ ಹೊಸ ಬಣ್ಣ ಹೊಡೆದ. 'ಬಾಡಿಗೆಗೆ ಹಿಡಿದವರು' ಎಂದು ಇನ್ನು ಯಾರೂ ಅನ್ನುವಂತಿಲ್ಲ ಎಂದು ಹೆಂಡತಿಗೆ ಹೇಳಿದ.

ಹರಾಜಿನ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಅಣ್ಣನ ಲ್ಯಾಪ್‌ಟಾಪ್ ಮುಂದೆ ಕುಳಿತ. ಮೊದಲು ಅಣ್ಣನ ಏಳೂವರೆ ಬಂತು. ಇಬ್ಬರು ಕೊಳ್ಳುವವರು ಹಟಕ್ಕೆ ಬಿದ್ದು ಏರಿಸಿದರು. ಅದು ಮುಗಿದಾಗ ಒಂದು ಅಂಗಡಿ ಕೊಂಡು ಮೇಲೂ ಉಳಿಯುವಷ್ಟಾಗಿತ್ತು. ಪೇಂಟರ್ ಅಣ್ಣನ ತೊಡೆ ತಟ್ಟಿದ.

"ಏಳೂವರೆಗೇ ಇಷ್ಟಾದ್ರೆ ನಂದಕ್ಕೆ?"

ಅವನದು ಬಂತು. ಒಬ್ಬ ಕೂಗಿದ. ಇನ್ನೊಬ್ಬ ಅದರ ಮೇಲೆ ಸ್ವಲ್ಪ ಸೇರಿಸಿದ. ಆಮೇಲೆ ಅಂಕಿ ಕದಲಲಿಲ್ಲ.

"ಇಂಟರ್‌ನೆಟ್ ನಿಂತುಹೋಯ್ತಾ ಅಣ್ಣ?"

"ಇಲ್ಲ. ಮುಗೀತು."

ಒಳ್ಳೆಯ ಕುಂಚಗಳ ಒಂದು ಕಟ್ಟು ಬರುವಷ್ಟು ಹಣಕ್ಕೆ ಪುಸ್ತಕ ಹೋಗಿತ್ತು. ಅಣ್ಣ ಕನ್ನಡಕ ತೆಗೆದು ಒರೆಸುತ್ತ, ಕಕ್ಷಿದಾರರಿಗೆ ನಿಯಮ ವಿವರಿಸುವ ಧ್ವನಿಯಲ್ಲಿ ನೇರಳೆ ಚೀಟಿ ಎಂದರೇನು ಎಂದು ಹೇಳಿದ. ಬಣ್ಣ ಹಚ್ಚಿದ ಜಾಗ ಅವರ ವಿಶೇಷ ಬೆಳಕಿನಲ್ಲಿ ಕಂಡುಬಿಡುತ್ತದಂತೆ. ಹಚ್ಚದೇ ಇದ್ದಿದ್ದರೆ ತನ್ನದರ ದುಪ್ಪಟ್ಟು ಬರುತ್ತಿತ್ತು ಎಂಬುದನ್ನೂ ಬಿಡಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಲೈಟ್ ಹಿಡ್ಕೊಂಡಿದ್ಯಲ್ಲ."

"ನೀನೇ ಹಿಡಿ ಅಂದೆ."

ಪೇಂಟರ್ ತನ್ನ ಬಲಗೈಯನ್ನು ಇಸ್ತ್ರಿ ಅಂಗಿಯ ಜೇಬಿಗೆ ತುರುಕಿ, ಹೊರಗೆ ತೆಗೆದು, ಮತ್ತೆ ತುರುಕಿದ.

"ಅಂಗಡಿ ವಿಷಯ ತಲೆ ಕೆಡಿಸ್ಕೋಬೇಡ" ಎಂದ ಅಣ್ಣ. "ಮಾಲೀಕನ ಹತ್ರ ಮಾತಾಡಿದೀನಿ. ನಾನೇ ತಗೋತೀನಿ. ಬೇರೆಯವರ ಪಾಲಾಗೋದು ಯಾಕೆ? ನೀನು ಅಲ್ಲೇ ಇರು. ಬಾಡಿಗೆ ಸ್ವಲ್ಪ ಏರಿಸ್ಬೇಕಾಗುತ್ತೆ, ಹೊಸ ಪೇಂಟ್ ಬೇರೆ ಹೊಡ್ದಿದೀಯ, ಚೆನ್ನಾಗಿ ಕಾಣ್ತಿದೆ."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕೊನೆಯ ಮಾತಷ್ಟೇ ಅವರಿಗೆ ಕೇಳಿಸಿತ್ತು. ಊಟ ಮಾಡಿಕೊಂಡೇ ಹೋಗಬೇಕು ಎಂದು ಮೈದುನನಿಗೆ ತಟ್ಟೆ ಹಾಕಿದರು. ಅವನು ಬಡಿಸಿದ್ದನ್ನೆಲ್ಲ ತಿಂದ, ಬೇಡ ಎನ್ನಲಿಲ್ಲ.

ಪಕ್ಕದ ಮನೆಯವರೊಂದಿಗೆ ಅತ್ತಿಗೆ ಈಗಲೂ ಆ ಮಾತು ಎತ್ತುತ್ತಾರೆ. "ನಮ್ಮನೆಯವರು ಮನಸ್ಸು ಮಾಡದಿದ್ರೆ ಆ ತಮ್ಮ ಬೀದಿಗೆ ಬೀಳ್ತಿದ್ದ. ಅಣ್ಣ ಅಂದ್ರೆ ಹಾಗಿರ್ಬೇಕು." ಪೇಂಟರ್ ತಿಂಗಳಿಗೊಮ್ಮೆ ಅವರ ಮನೆ ಗೇಟಿನವರೆಗೆ ಬಂದು, ಬಾಡಿಗೆ ಕೊಟ್ಟು, ಒಳಗೆ ಬಾ ಎಂದರೆ ಕೆಲಸ ಇದೆ ಎಂದು ಹೋಗುತ್ತಾನೆ. ಕೆಲಸ ಇರುವುದಿಲ್ಲ.