ಕಿರುಬೆರಳಿಗೊಂದು ಆಸರೆ

ಹೋಯ್ಟ್‌ನ ಬಂದೂಕಿನ ಅಂಗಡಿಯಲ್ಲಿ ಗಾಜಿನ ಮೇಜಿನ ಮುಂದೆ ಮೂರು ಸ್ಟೂಲುಗಳಿವೆ. ಅಲ್ಲಿ ಕೂರುವವರಿಗೆ ಜಗಳವಾಡಲು ಚುನಾವಣೆ ಬೇಡ, ಚರ್ಚಿನ ರಾಜಕೀಯವೂ ಬೇಡ. ಚಿಕ್ಕ ಪಿಸ್ತೂಲಿನ ಹಿಡಿಗೆ ತುಂಡು ಜೋಡಿಸಬೇಕೋ ಬೇಡವೋ ಎಂಬ ಮಾತನ್ನು ಯಾರಾದರೂ ಎತ್ತಿದರೆ ಸಾಕು, ಕಾಫಿಯ ಜಗ್ಗು ಖಾಲಿಯಾಗುವವರೆಗೂ ಜಗಳ ನಡೆಯುತ್ತದೆ.

ಅಂಗಿಯ ಕೆಳಗೆ ಬಚ್ಚಿಟ್ಟುಕೊಳ್ಳಲೆಂದೇ ಮಾಡಿದ ಪಿಸ್ತೂಲಿನ ಹಿಡಿ ಎರಡು ಬೆರಳಿಗೇ ಮುಗಿದುಹೋಗುತ್ತದೆ. ಕಿರುಬೆರಳು ಕೆಳಗೆ ಗಾಳಿಯಲ್ಲಿ ನೇತಾಡುತ್ತದೆ. ಅದಕ್ಕೊಂದು ಆಸರೆಯಿರಲಿ ಎಂದು ಹಿಡಿಯೊಳಗೆ ಸೇರುವ ಗುಂಡಿನ ಮ್ಯಾಗಜಿನ್ನಿನ ತಳಕ್ಕೆ ಅರ್ಧ ಇಂಚಿನ ಪ್ಲಾಸ್ಟಿಕ್ ತುಂಡು ಹಾಕಿಸುತ್ತಾರೆ. ಹಾಕಿಸಿದರೆ ಕೈ ಗಟ್ಟಿಯಾಗಿ ಕೂರುತ್ತದೆ, ಆದರೆ ಆ ಅರ್ಧ ಇಂಚು ಅಂಗಿಯ ಮೇಲೆ ಉಬ್ಬಿ ಕಾಣುತ್ತದೆ.

"ಕಾಣ್ಲಿ ಬಿಡ್ರೋ. ಗುರಿ ತಪ್ಪೋದಾದ್ರೆ ಬಚ್ಚಿಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ?" ಎನ್ನುವುದು ಹೋಯ್ಟ್‌ನ ವಾದ.

"ಉದ್ದದ್ದು ಬೇಕಿದ್ರೆ ಉದ್ದದ್ದೇ ತಗೋಬೇಕಿತ್ತು. ಚಿಕ್ಕದು ತಗೊಂಡು ಅದಕ್ಕೊಂದು ಬಾಲ ಯಾಕೆ ಅಂಟಿಸ್ತೀರಾ?" ಎನ್ನುವುದು ಟೈರಿನ ಅಂಗಡಿಯ ಅರ್ಲಿಸ್‌ನ ವಾದ.

ನಾನು ವರ್ನನ್ ಟಿಪ್ಟನ್. ಮೂವತ್ತನಾಲ್ಕು ವರ್ಷ ಟೆನೆಸಿ ರಾಜ್ಯದ ಈ ಗುಡ್ಡಗಳಲ್ಲಿ ಕರೆಂಟಿನ ಕಂಬ ಹತ್ತಿ ನಿವೃತ್ತನಾದವನು. ಬೆರಳುಗಳು ಸೌತೆಕಾಯಿಯ ದಪ್ಪ. ಹೋಯ್ಟ್‌ನ ಪಕ್ಷ ಸೇರಿ ಮಾರ್ಚ್ ತಿಂಗಳಲ್ಲಿ ತುಂಡು ಹಾಕಿಸಿಯೇಬಿಟ್ಟೆ. ಗುರಿ ನೆಟ್ಟಗಾಯಿತು, ಹತ್ತು ಗಜದಿಂದ ಹೊಡೆದ ಆರಕ್ಕೆ ಆರೂ ಗುಂಡು ಅಂಗೈಯಗಲದೊಳಗೆ ಬಿದ್ದವು. ಆ ತೂತುಬಿದ್ದ ಕಾಗದವನ್ನು ಅರ್ಲಿಸ್‌ನ ಮೂಗಿಗೆ ಹಿಡಿದು ಒಂದು ವಾರ ಕುಣಿದೆ. ಆ ಕುಣಿತ ನೆನೆದರೆ ಈಗ ನಾಚಿಕೆಯಾಗುತ್ತದೆ. ಅದಕ್ಕಿಂತ ನಾಚಿಕೆಗೇಡಿನ ಸಂಗತಿಯನ್ನು ಹೇಳಬೇಕಾಗಿದೆ, ಕುಣಿತದ ಮಾತು ಅಷ್ಟಕ್ಕಿರಲಿ.

ನನ್ನ ಮಗಳು ಡಾರ್ಲಾ ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿದ್ದಾಳೆ. ಮಕ್ಕಳ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸು. ಬಂದೂಕೆಂದರೆ ಬೆಚ್ಚಿಬೀಳುವ ಪೈಕಿಯಲ್ಲ ಅವಳು. ಏಳನೆಯ ವಯಸ್ಸಿಗೇ ಅಳಿಲು ಹೊಡೆಯುವ ರೈಫಲ್ಲನ್ನು ಅವಳ ಕೈಗೆ ಕೊಟ್ಟವನು ನಾನು. ಒಂಬತ್ತರಲ್ಲಿ ಒಮ್ಮೆ, ತೆರೆದು ನೋಡದೆಯೇ "ಖಾಲಿ ಇದೆ ಅಪ್ಪ" ಎಂದುಬಿಟ್ಟಳು. ನಾನು ತೆರೆದರೆ ಒಳಗೆ ಗುಂಡಿತ್ತು. ಆ ರೈಫಲ್ಲನ್ನು ಬೀರುವಿನಲ್ಲಿಟ್ಟು ಒಂದು ವರ್ಷ ಬೀಗ ಹಾಕಿದೆ. ಅತ್ತಳು, ಊಟ ಬಿಟ್ಟಳು, ನಾನು ಜಗ್ಗಲಿಲ್ಲ. "ಬಂದೂಕಿನ ವಿಷಯದಲ್ಲಿ ಸುಳ್ಳು ಹೇಳೋರನ್ನ ನಾನು ನಂಬಲ್ಲ" ಎಂದು ಅಷ್ಟು ಚಿಕ್ಕ ಹುಡುಗಿಗೆ ಹೇಳಿದ್ದೆ.

ಮೊಮ್ಮಗಳು ವಿಲ್ಲಾ ತೆವಳಲು ಶುರುಮಾಡಿದ ದಿನಗಳಲ್ಲಿ ಡಾರ್ಲಾ ನನ್ನನ್ನು ಅಡುಗೆಮನೆಗೆ ಕರೆದಳು.

"ಅಪ್ಪ, ಈ ಮನೆ ಒಳಗೆ ಪಿಸ್ತೂಲು ಬೇಡ. ಟ್ರಕ್ಕಲ್ಲೇ ಬೀಗ ಹಾಕಿಟ್ಟು ಬಾ. ವಾರ್ಡಲ್ಲಿ ನಾನು ಏನೇನು ನೋಡ್ತೀನಿ ಅಂತ ಮಾತ್ರ ಕೇಳ್ಬೇಡ."

"ಆಯ್ತಮ್ಮ."

"ಮಾತು ತಪ್ಪಿದ್ರೆ ವಿಲ್ಲಾನ ನೋಡಕ್ಕೆ ಬರೋದು ಬೇಡ. ಈಗಲೇ ಹೇಳಿರ್ತೀನಿ."

ನಾನು ಅವಳ ಕೈಹಿಡಿದು ಮಾತು ಕೊಟ್ಟೆ. ಆ ಕ್ರಿಸ್ಮಸ್ಸಿಗೆ ಅವಳೇ ನನಗೊಂದು ಉಕ್ಕಿನ ಪೆಟ್ಟಿಗೆ ತಂದುಕೊಟ್ಟಳು, ಟ್ರಕ್ಕಿನ ಸೀಟಿನಡಿ ಇಡಲು.

ಒಂದು ವರ್ಷ ಮಾತಿನಂತೆ ನಡೆದೆ. ಆಮೇಲೊಂದು ಭಾನುವಾರ ಜೋರು ಮಳೆಯಿತ್ತು, ಒದ್ದೆಯಾಗುತ್ತ ನಿಂತು ಸೊಂಟದಿಂದ ಬಿಚ್ಚಿ ಪೆಟ್ಟಿಗೆಗೆ ಹಾಕುವವರು ಯಾರು ಎಂದು ಹಾಗೆಯೇ ಒಳಗೆ ಹೋದೆ. ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸಲ ಮಳೆಯಿರಲಿಲ್ಲ, ಆದರೂ ಬಿಚ್ಚಲಿಲ್ಲ. ಕಂಬ ಹತ್ತುವುದು ನಿಂತ ಮೇಲೆ ಸೊಂಟದಲ್ಲಿ ಅದೊಂದು ಇಲ್ಲದಿದ್ದರೆ ನಾನು ಯಾವ ಲೆಕ್ಕಕ್ಕೂ ಇಲ್ಲದ ಮುದುಕ ಅನ್ನಿಸುತ್ತಿತ್ತು. ಹನ್ನೊಂದು ವರ್ಷ ಅದನ್ನು ಹೊತ್ತು ತಿರುಗಿದವನು ಒಂದು ದಿನವೂ ಹೊರಗೆಳೆದಿಲ್ಲ. ಆದರೂ ಹಾಗನ್ನಿಸುತ್ತಿತ್ತು.

ಪಿಸ್ತೂಲು ಕಟ್ಟಿಕೊಂಡವರ ಅಪ್ಪುಗೆಯೇ ಬೇರೆ. ಎಡ ಭುಜವನ್ನು ಮುಂದೆ ಕೊಟ್ಟು, ಪಿಸ್ತೂಲಿಗೆ ಯಾರ ಕೈಯೂ ತಗಲದಂತೆ ಬಲ ಮೊಣಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡು, ಬೆನ್ನಿಗೆ ಎರಡು ಸಲ ತಟ್ಟಿ ಬಿಡಿಸಿಕೊಳ್ಳುತ್ತೇವೆ. ನಮ್ಮ ಚರ್ಚಿನ ಬಾಗಿಲಲ್ಲಿ ಹಾಗೆ ಅಪ್ಪಿಕೊಳ್ಳುವ ಹತ್ತು ಜನರನ್ನು ಈಗಲೂ ತೋರಿಸಬಲ್ಲೆ. ಎರಡು ವರ್ಷ ನನ್ನ ಮಗಳನ್ನು ಅವಳ ಮನೆಯ ಹೊಸ್ತಿಲಲ್ಲಿ ಹಾಗೆಯೇ ಅಪ್ಪಿಕೊಂಡೆ.

ಹಿಡಿಗೆ ತುಂಡು ಹಾಕಿಸಿದ ಮರುತಿಂಗಳು, ಈಸ್ಟರ್ ದಿನ ಡಾರ್ಲಾಳ ಹಿತ್ತಲಲ್ಲಿ ವಿಲ್ಲಾ ನಾವು ಬಚ್ಚಿಟ್ಟ ಬಣ್ಣದ ಮೊಟ್ಟೆ ಹುಡುಕುತ್ತಿದ್ದಳು. ನಾಲ್ಕು ತುಂಬಿದೆ, ಕಣ್ಣು ಗಿಣಿಯ ಹಾಗೆ ಚುರುಕು. ಪೊದೆಯ ಬುಡದ ಮೊಟ್ಟೆ ತೋರಿಸಲು ನಾನು ಬಗ್ಗಿದೆ. ಅಂಗಿ ಬಿಗಿಯಿತು. ಆ ಅರ್ಧ ಇಂಚು ಎದ್ದು ನಿಂತಿರಬೇಕು, ಮಗು ಬೆರಳಿನಿಂದ ತಿವಿಯಿತು.

"ತಾತ, ಇದೇನು ಗಟ್ಟಿ?"

ನಮ್ಮ ಪಾದ್ರಿಗೆ ಸಕ್ಕರೆ ಕಾಯಿಲೆ, ಹಗಲಿರುಳೂ ಸೂಜಿಯಿಂದ ಮೈಗೆ ಇನ್ಸುಲಿನ್ ಹನಿಸುವ ಪುಟ್ಟ ಯಂತ್ರವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಬಾಯಿಗೆ ಅದೇ ಬಂತು.

"ಅದಾ? ತಾತನ ಸಕ್ಕರೆ ಕಾಯಿಲೆ ಮಿಷನ್ನು ಪುಟ್ಟಿ. ಮುಟ್ಬಾರ್ದು, ತಾತನಿಗೆ ನೋವಾಗುತ್ತೆ. ಅಮ್ಮನಿಗೆ ಹೇಳ್ಬೇಡ ಆಯ್ತಾ? ಬೇಜಾರು ಮಾಡ್ಕೋತಾಳೆ."

"ಪಾಪ ತಾತ" ಎಂದು ಅದನ್ನು ಅಂಗಿಯ ಮೇಲಿಂದಲೇ ಮೆಲ್ಲಗೆ ಸವರಿದಳು. ಬುಟ್ಟಿಯಿಂದ ಒಂದು ಚಾಕೊಲೇಟ್ ಮೊಲ ತೆಗೆದು ಕೊಡಲು ಬಂದವಳು ಕೈ ಹಿಂದೆಗೆದಳು. "ಅಯ್ಯೋ, ನಿಂಗೆ ಆಗಲ್ವಲ್ಲ."

ಮರುದಿನ ಬೆಳಿಗ್ಗೆಯೇ ಹೋಯ್ಟ್‌ನ ಅಂಗಡಿಗೆ ಹೋಗಿ ತುಂಡು ತೆಗೆದುಬಿಡು ಎಂದೆ.

"ಯಾಕೋ? ಮೊನ್ನೆ ತಾನೆ ಕುಣೀತಿದ್ದೆ."

"ಅಂಗಿ ಮೇಲೆ ಕಾಣುತ್ತೆ."

"ಯಾರಿಗೆ ಕಾಣಿಸ್ತು? ಕಳ್ಳರು ಬಂದು ಹೇಳಿದ್ರಾ?"

"ಹಂಗೇ ಜನ ನೋಡ್ತಾರೆ ಅಂತ."

"ಈ ಊರಲ್ಲಿ ಜನ ನೋಡಿದ್ರೆ, ಯಾವ ಕಂಪನೀದು ಅಂತ ಕೇಳ್ತಾರೆ ಅಷ್ಟೆ. ಯಾರಿಂದ ಬಚ್ಚಿಡ್ತಿದೀಯ ವರ್ನನ್?"

ಹೋಯ್ಟ್ ಕನ್ನಡಕದ ಮೇಲಿಂದ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ತುಂಡು ಕಳಚಿ, ತೆಳುವಾದ ಹಳೆಯ ತಳವನ್ನೇ ಕೂರಿಸಿ ಕೊಟ್ಟ. ಗೆದ್ದ ಖುಷಿಗೆ ಅರ್ಲಿಸ್ ನನಗೆ ಡೋನಟ್ ಕೊಡಿಸಿದ. ಗುರಿ ಮತ್ತೆ ಕೆಟ್ಟಿತು. ಕೆಡಲಿ ಎಂದುಕೊಂಡೆ. ಹೊಡೆಯಲೆಂದು ಕೊಂಡ ವಸ್ತುವನ್ನು, ಹೊಡೆಯಲು ಬಾರದಿದ್ದರೂ ಚಿಂತೆಯಿಲ್ಲ, ಮಗಳ ಕಣ್ಣಿಗೆ ಬೀಳದಿದ್ದರೆ ಸಾಕು ಎಂಬಲ್ಲಿಗೆ ನಾನು ತಂದು ನಿಲ್ಲಿಸಿದ್ದೆ.

ಮೇ ತಿಂಗಳ ಎರಡನೆಯ ಭಾನುವಾರ, ತಾಯಂದಿರ ದಿನ. ಚರ್ಚು ಮುಗಿಸಿ ನಾನೂ ಹೆಂಡತಿ ನೋರ್ಮಾಳೂ ಡಾರ್ಲಾಳ ಮನೆಗೆ ಊಟಕ್ಕೆ ಹೋದೆವು. ಅಳಿಯನಿಗೆ ಅಂದು ಕಾರ್ಖಾನೆಯಲ್ಲಿ ಪಾಳಿಯಿತ್ತು. ಪಿಸ್ತೂಲು ಸೊಂಟದಲ್ಲೇ ಇತ್ತು, ಬಗ್ಗಿದರೂ ಕಾಣುತ್ತಿರಲಿಲ್ಲ. ಹೊರಡುವ ಮೊದಲು ಕನ್ನಡಿಯ ಮುಂದೆ ಮೂರು ಸಲ ಬಗ್ಗಿ ನೋಡಿಕೊಂಡಿದ್ದೆ.

ಹಂದಿಯ ತೊಡೆ, ಬೀನ್ಸು, ಜೋಳದ ಬ್ರೆಡ್ಡು ಮೇಜಿಗೆ ಬಂದವು. ಒಂದು ಗುಟುಕು ತಣ್ಣನೆಯ ಚಹಾ ಕುಡಿದೆ. ಸಕ್ಕರೆಯೇ ಇರಲಿಲ್ಲ. ನಮ್ಮ ಕಡೆ ಚಹಾಕ್ಕೆ ಸಕ್ಕರೆ ಹಾಕದಿರುವುದು ಊರು ಬಿಟ್ಟು ಹೋಗು ಎಂದ ಹಾಗೆ. ಮುಖವೆತ್ತಿದರೆ ಡಾರ್ಲಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

"ನಿನ್ನ ಬಾಳೆಹಣ್ಣಿನ ಪುಡಿಂಗನ್ನೂ ಬೇರೆ ಮಾಡಿದೀನಪ್ಪ. ಸಕ್ಕರೆ ಹಾಕಿಲ್ಲ."

"ಯಾಕಮ್ಮ?"

"ವಿಲ್ಲಾ ಹೇಳಿದ್ಳು. ಬೈಬೇಡ ಅವಳಿಗೆ, ಮೂರು ವಾರ ಗುಟ್ಟಾಗಿ ಇಟ್ಕೊಂಡಿದ್ಳು, ಮೊನ್ನೆ ಅತ್ತುಬಿಟ್ಳು. ನಾನು ನರ್ಸು ಅಪ್ಪ. ದಿನಾ ಇದೇ ನೋಡ್ತೀನಿ. ನನಗೆ ಯಾಕೆ ಹೇಳ್ಲಿಲ್ಲ? ನಾನೇನು ಭಾರ ಅನ್ಕೋತೀನಾ?"

ವಿಲ್ಲಾ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ನಿಜ ಹೇಳಲು ಇದ್ದ ಒಳ್ಳೆಯ ಗಳಿಗೆ ಅದೇ, ದೇವರಾಣೆಗೂ ನನಗೆ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಅಷ್ಟೇನಿಲ್ಲ ಕಣಮ್ಮ. ಸ್ವಲ್ಪವೇ ಸ್ವಲ್ಪ ಇದೆಯಂತೆ."

"ಸ್ವಲ್ಪ ಇದ್ರೆ ಮಿಷನ್ ಹಾಕಲ್ಲ. ಸೂಜಿ ಚುಚ್ಚಿರೋ ಜಾಗ ಕೆಂಪಾಗಿದ್ಯಾ ನೋಡ್ತೀನಿ. ಅಂಗಿ ಎತ್ತು."

"ಮನೇಲೇ ಬಿಟ್ಟುಬಂದೆ."

"ಮಿಷನ್ನ ಬಿಟ್ಟು ಬಂದ್ಯಾ?" ಡಾರ್ಲಾ ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟಳು. "ಅಮ್ಮ, ನೀನಾದ್ರೂ ನೋಡಬಾರ್ದಾ? ಪ್ರಾಣಕ್ಕೆ ಅಪಾಯ ಅದು. ನನ್ನ ಬ್ಯಾಗಲ್ಲಿ ಸಕ್ಕರೆ ನೋಡೋದಿದೆ, ತರ್ತೀನಿ."

ನೋರ್ಮಾ ನಲವತ್ತೊಂದು ವರ್ಷ ನನ್ನ ಜೊತೆ ಬಾಳಿದವಳು. ಅವಳು ಚಮಚ ಕೆಳಗಿಟ್ಟು ನನ್ನ ಬಲ ಸೊಂಟವನ್ನು ನೋಡಿದಳು, ಮುಖವನ್ನು ನೋಡಿದಳು.

"ಕೂತ್ಕೋ ಡಾರ್ಲಾ. ಇವನಿಗೆ ಯಾವ ಸಕ್ಕರೆ ಕಾಯಿಲೇನೂ ಇಲ್ಲ." ಆಮೇಲೆ ನನ್ನತ್ತ ತಿರುಗಿ, "ಅಂಗಿ ಎತ್ತು ವರ್ನನ್" ಎಂದಳು.

ನಾನು ಎತ್ತಲಿಲ್ಲ. ಎತ್ತುವ ಅಗತ್ಯವೂ ಉಳಿದಿರಲಿಲ್ಲ. ಡಾರ್ಲಾಳ ಮುಖದಲ್ಲಿದ್ದ ಕಾಳಜಿ ಒಂದೊಂದಾಗಿ ದೀಪ ಆರಿಸಿದ ಹಾಗೆ ಹೋಯಿತು. ವಿಲ್ಲಾಳನ್ನು ಅಜ್ಜಿಯ ಜೊತೆ ಹಿತ್ತಲಿಗೆ ಕಳಿಸಿ, ಬಾಗಿಲು ಹಾಕಿ ಬಂದಳು.

"ಅವಳು ಮುಟ್ಟಿದಾಗ ಗುಂಡು ಇತ್ತಾ?"

"ಒರೆಯೊಳಗೆ ಭದ್ರವಾಗಿತ್ತಮ್ಮ, ಅದು ಹಂಗೆಲ್ಲ..."

"ಗುಂಡು ಇತ್ತಾ ಅಪ್ಪ?"

"ಇತ್ತು."

ಅವಳು ಮೇಜಿನಿಂದ ವಿಲ್ಲಾಳ ತಟ್ಟೆ ಎತ್ತಿಕೊಂಡಳು. ಅದನ್ನು ನೋಡಲಾರದೆ ನಾನು ಇನ್ನೊಂದು ಮೂರ್ಖತನ ಮಾಡಿದೆ. ಏನೋ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದೆ: "ಆಗ ಹಿಡಿಗೆ ಒಂದು ತುಂಡು ಹಾಕಿಸಿದ್ದೆ, ಅದಕ್ಕೇ ಕೈಗೆ ಸಿಕ್ಕಿದ್ದು. ಮರುದಿನವೇ ತೆಗೆಸಿಬಿಟ್ಟೆ. ಈಗ ಒಂಚೂರೂ ಕಾಣಲ್ಲ."

"ನನ್ನಿಂದ ಬಚ್ಚಿಡಕ್ಕೆ ಪಿಸ್ತೂಲನ್ನೇ ಚಿಕ್ಕದು ಮಾಡಿಸ್ಕೊಂಡ್ಯಾ?" ಡಾರ್ಲಾ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಟ್ರಕ್ಕಲ್ಲಿ ಇಟ್ಟು ಬರಕ್ಕೆ ಮಾತ್ರ ಆಗ್ಲಿಲ್ಲ."

ನಾನು ಜೋಳದ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತ ಕೂತೆ. ಎಪ್ಪತ್ತು ಮುಟ್ಟುತ್ತಿರುವ ಗಂಡಸು, ತಪ್ಪು ಮಾಡಿದ ಶಾಲೆಯ ಹುಡುಗನಿಗಿಂತ ಕಡೆಯಾಗಿ.

"ನನ್ನ ರೈಫಲ್ಲಿಗೆ ಎಷ್ಟು ದಿನ ಬೀಗ ಹಾಕಿದ್ದೆ ಅಪ್ಪ?"

"ಒಂದು ವರ್ಷ."

ಅವಳು ಕಿಟಕಿಯಾಚೆ ನೋಡಿದಳು. ಅಲ್ಲಿ ವಿಲ್ಲಾ ಅಜ್ಜಿಯ ಕೈಹಿಡಿದು ಜಗ್ಗುತ್ತಿದ್ದಳು. ಒಂದು ವರ್ಷ ಎಂದುಬಿಡುತ್ತಾಳೆ, ಆ ಹೊತ್ತಿಗೆ ಮಗುವಿಗೆ ಐದು ತುಂಬಿ ನನ್ನ ಗುರುತೇ ಮರೆತಿರುತ್ತದೆ ಎಂದು ಹೆದರಿದೆ. ಎಂದಿದ್ದರೆ ಒಪ್ಪಿಕೊಳ್ಳಲೇಬೇಕಿತ್ತು.

"ನನಗೆ ನಿನ್ನಷ್ಟು ಗಟ್ಟಿ ಮನಸ್ಸಿಲ್ಲ" ಎಂದಳು. "ಬಾ. ಆದ್ರೆ ಇನ್ಮೇಲೆ ಬಾಗಿಲಲ್ಲಿ ನಾನೇ ನೋಡ್ಕೋತೀನಿ. ಈಗ ಅದನ್ನ ಟ್ರಕ್ಕಲ್ಲಿಟ್ಟು ಬಂದು, ವಿಲ್ಲಾಗೆ ನೀನೇ ನಿಜ ಹೇಳು. ನಿನ್ನ ಪರವಾಗಿ ನಾನು ಹೇಳಲ್ಲ."

ಉಕ್ಕಿನ ಪೆಟ್ಟಿಗೆ ಸೀಟಿನಡಿಯಲ್ಲೇ ಇತ್ತು, ಧೂಳು ಹಿಡಿದಿತ್ತು. ಬೀಗ ಹಾಕಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಮೊಮ್ಮಗಳ ಪಕ್ಕ ಕೂತೆ. ತಾತ ಸುಳ್ಳು ಹೇಳಿದ, ಅದು ಮಿಷನ್ನಲ್ಲ, ಪಿಸ್ತೂಲು, ಅದನ್ನು ಇಲ್ಲಿಗೆ ತರಬಾರದಿತ್ತು ಎಂದೆ.

"ಹಂಗಾದ್ರೆ ನಿಂಗೆ ಕಾಯಿಲೆ ಇಲ್ವಾ?"

"ಇಲ್ಲ ಪುಟ್ಟಿ."

ಅವಳು ಖುಷಿಪಡುತ್ತಾಳೆ ಎಂದುಕೊಂಡೆ. ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಮತ್ತೆ ನಾನು ದಿನಾ ದೇವರ ಹತ್ರ ಕೇಳ್ಕೋತಿದ್ನಲ್ಲ, ತಾತಂಗೆ ವಾಸಿ ಮಾಡು ಅಂತ?"

ಒಳಗೆ ಹೋಗಿ ಸಕ್ಕರೆಯಿಲ್ಲದ ಪುಡಿಂಗನ್ನು ಪೂರ್ತಿ ತಿಂದೆ, ಯಾರೂ ಬೇರೆಯದನ್ನು ಬಡಿಸಲಿಲ್ಲ.

ಮುಂದಿನ ಭಾನುವಾರ ಹೋಗುವಾಗ ದಾರಿಯುದ್ದಕ್ಕೂ ನೋರ್ಮಾ ಕೇಳಿದ್ದು ಒಂದೇ, "ಪೆಟ್ಟಿಗೇಲಿ ಇದ್ಯಾ?" ಇತ್ತು. ಪೊಲೀಸರ ಹಾಗೆ ಗೋಡೆಗೆ ನಿಲ್ಲಿಸಿ ತಡಕುತ್ತಾಳೇನೋ ಎಂದು ನಾನು ಹೊಸ್ತಿಲಲ್ಲಿ ಮುದುಡಿ ನಿಂತೆ. ಡಾರ್ಲಾ ಹಾಗೆ ಮಾಡಲಿಲ್ಲ. ಎರಡೂ ಕೈ ಚಾಚಿ ನನ್ನನ್ನು ತುಂಬ ಅಪ್ಪಿಕೊಂಡಳು. ಚಿಕ್ಕವಳಿದ್ದಾಗ, ನಾನು ಕಂಬದ ಕೆಲಸ ಮುಗಿಸಿ ಬಂದಾಗ ಹಾಗೆ ಅಪ್ಪಿಕೊಳ್ಳುತ್ತಿದ್ದಳು. ಎರಡು ವರ್ಷ ನಾನೇ ತಪ್ಪಿಸಿಕೊಂಡಿದ್ದ ಅಪ್ಪುಗೆ ಅದು. ಕಣ್ಣು ಮುಚ್ಚಿಕೊಂಡೆ. ಆಗ ಅವಳ ಅಂಗೈಗಳು ನನ್ನ ಬೆನ್ನಿನಿಂದ ಮೆಲ್ಲಗೆ ಇಳಿದು, ಸೊಂಟಪಟ್ಟಿಯ ಸುತ್ತ, ಬಲಗಡೆಯ ಎಲುಬಿನ ತನಕ ಹೋಗಿ ನಿಂತವು. ಆಮೇಲೆ ಬಿಟ್ಟಳು.

ಪ್ರತಿ ಭಾನುವಾರ ಹಾಗೆಯೇ ನಡೆಯುತ್ತದೆ. ಅವಳಿಗೆ ಅನುಕೂಲವಾಗಲೆಂದು ನಾನು ತೋಳುಗಳನ್ನು ಸ್ವಲ್ಪ ಎತ್ತಿಕೊಳ್ಳುತ್ತೇನೆ. ಈಗ ವಿಲ್ಲಾಳೂ ಕಲಿತಿದ್ದಾಳೆ. ಅಮ್ಮನದು ಮುಗಿಯುವವರೆಗೆ ಕಾದು, ನನ್ನ ತೊಡೆಗಳನ್ನು ಅಪ್ಪಿ, ಸೊಂಟಕ್ಕೆ ಕೈ ಎಟುಕಿಸಿ ಎರಡೂ ಕಡೆ ತಟ್ಟಿ ನೋಡುತ್ತಾಳೆ.

"ಏನೂ ಇಲ್ಲಮ್ಮ" ಎಂದು ಒಳಗೆ ಕೂಗಿ ಹೇಳುತ್ತಾಳೆ. "ತಾತ ಬರಬಹುದು."