ಅರ್ತಿಂಗ್ ಇಲ್ಲದ ಹುಡುಗಿ

ಮುನಿಲಕ್ಷ್ಮಿಗೆ ಸಿಡಿಲು ಬಡಿದಿರಲಿಲ್ಲ. ಯಾವ ದೇವರೂ ಕನಸಿಗೆ ಬಂದು ವರ ಕೊಟ್ಟಿರಲಿಲ್ಲ. ಅವಳಿಗೆ ಶಕ್ತಿ ಬಂದದ್ದು ದುಡಿದೂ ದುಡಿದೂ. ಅದನ್ನು ಕೊಟ್ಟದ್ದು ಕಂಪನಿ, ಅದೂ ತನಗೇ ಗೊತ್ತಿಲ್ಲದೆ. ಗೊತ್ತಿದ್ದಿದ್ದರೆ ಕೊಡುತ್ತಿರಲಿಲ್ಲ.

ನರಸಾಪುರದ ಆ ಕಾರ್ಖಾನೆಯಲ್ಲಿ ಫೋನಿನ ಹೊಟ್ಟೆಯೊಳಗೆ ಕೂರುವ ಹಸಿರು ಬೋರ್ಡುಗಳು ತಯಾರಾಗುತ್ತವೆ. ಬೆಲ್ಟಿನ ಮೇಲೆ ಬರುವ ಒಂದೊಂದು ಬೋರ್ಡನ್ನೂ ಎತ್ತಿ, ಬೆಳಕಿಗೆ ಹಿಡಿದು, ಚಿಪ್‌ಗಳು ನೆಟ್ಟಗೆ ಕೂತಿವೆಯೇ ನೋಡಿ ಮುಂದಕ್ಕೆ ಬಿಡುವುದು ಮುನಿಲಕ್ಷ್ಮಿಯ ಕೆಲಸ. ಮನುಷ್ಯರ ಮೈಯಲ್ಲಿ ಸಣ್ಣಗೆ ಕರೆಂಟು ಕೂಡಿಕೊಳ್ಳುತ್ತದಂತೆ. ಅದು ತಗುಲಿದರೆ ಚಿಪ್ ಸತ್ತುಹೋಗುತ್ತದಂತೆ. ಅದಕ್ಕೆ ಎಲ್ಲರ ಮಣಿಕಟ್ಟಿಗೂ ಒಂದು ಬ್ಯಾಂಡು. ಬ್ಯಾಂಡಿನಿಂದ ಹೊರಟ ಸುರುಳಿ ವೈರು ಮೇಜಿಗೆ, ಮೇಜಿನಿಂದ ನೆಲಕ್ಕೆ. ಮೈಯಲ್ಲಿ ಹುಟ್ಟಿದ್ದೆಲ್ಲ ಹುಟ್ಟಿದ ಹಾಗೇ ಮಣ್ಣಿಗೆ ಇಳಿಯಬೇಕು. ಅರ್ತಿಂಗ್ ಅಂದರೆ ಅದು. ಕಂಪನಿಗೆ ಕೈ ಬೇಕು, ಕೈಯೊಳಗಿನ ಕಿಡಿ ಬೇಡ.

ಮುನಿಲಕ್ಷ್ಮಿಯ ಬ್ಯಾಂಡಿನ ವೈರು ಒಳಗೇ ತುಂಡಾಗಿತ್ತು. ಲೈನ್ ಲೀಡರನ್ನು ಕೇಳಿದಳು. ಸ್ಟಾಕ್ ಇಲ್ಲ, ಅಡ್ಜಸ್ಟ್ ಮಾಡ್ಕೋ ಅಂದ. ಮತ್ತೆ ಕೇಳಿದಾಗಲೂ ಅದೇ ಮಾತು. ಸರಿ, ಅಡ್ಜಸ್ಟ್ ಮಾಡಿಕೊಳ್ಳೋಣ ಅಂದರೆ ಬಾಗಿಲಲ್ಲಿ ಒಂದು ಮಿಷಿನ್ನು ನಿಂತಿದೆ. ಬ್ಯಾಂಡು ಸಿಕ್ಕಿಸಿ ಬಟನ್ ಒತ್ತಬೇಕು. ಹಸಿರು ಬಂದರೆ ಒಳಗೆ, ಕೆಂಪು ಬಂದರೆ ಆ ದಿನ ಗೈರುಹಾಜರು. ಅಂದರೆ ಬ್ಯಾಂಡು ಕೊಡದವರೇ ಬ್ಯಾಂಡು ಸರಿಯಿಲ್ಲ ಅಂತ ಮನೆಗೆ ಕಳಿಸುತ್ತಾರೆ.

ದಾರಿ ಹುಡುಕಿದವಳು ಧನಶ್ರೀ. ಮಾಲೂರು ಕಡೆಯವಳು, ವೇಮಗಲ್‌ನಲ್ಲಿ ಮುನಿಲಕ್ಷ್ಮಿಯ ಜೊತೆ ಒಂದೇ ರೂಮಿನಲ್ಲಿರುವವಳು, ನಾಲಿಗೆ ಬಲು ಚುರುಕು. ತನ್ನ ಬ್ಯಾಂಡಿಗೆ ಹಸಿರು ಮಾಡಿಸಿಕೊಂಡು, ಆಮೇಲೆ ಹಿಂದಕ್ಕೆ ಬಾಗಿ ಮುನಿಲಕ್ಷ್ಮಿಯ ಸರದಿಗೂ ತನ್ನದೇ ಕೈ ಒಡ್ಡುತ್ತಿದ್ದಳು. ಎಲ್ಲರಿಗೂ ನೀಲಿ ಕೋಟು, ಟೋಪಿ, ಮಾಸ್ಕು. ಕಣ್ಣು ಬಿಟ್ಟರೆ ಏನೂ ಕಾಣದು. ಯಾವ ಕೈ ಯಾರದ್ದು ಅಂತ ಯಾರು ನೋಡುತ್ತಾರೆ? ಮಾವಿನ ಹೂವು ಕಾಯಾಗಿ, ಕಾಯಿ ಹಣ್ಣಾಗುವಷ್ಟು ಕಾಲ ಮುನಿಲಕ್ಷ್ಮಿ ಅರ್ತಿಂಗ್ ಇಲ್ಲದೆ ದುಡಿದಳು. ದಿನವೂ ಹುಟ್ಟಿದ್ದು ದಿನವೂ ಅವಳಲ್ಲೇ ಉಳಿಯಿತು.

ಮೊದಲು ರುಚಿ ನೋಡಿದವನು ವೇಣು. ಮುಳಬಾಗಿಲಿನ ಹುಡುಗ, ಕ್ವಾಲಿಟಿ ವಿಭಾಗದಲ್ಲಿ ಕೆಟ್ಟ ಬೋರ್ಡು ಯಾಕೆ ಕೆಟ್ಟಿತು ಅಂತ ಪರೀಕ್ಷೆ ಮಾಡುವವನು. ಮುನಿಲಕ್ಷ್ಮಿಯ ಮೇಲೆ ಮನಸ್ಸು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಊರಿಂದ ಬರುವಾಗಲೆಲ್ಲ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದ. ಒಂದು ಸೋಮವಾರ ಡಬ್ಬಿ ಕೊಡುವಾಗ ಇಬ್ಬರ ಬೆರಳೂ ತಗುಲಿ ಚಟಾರ್ ಅಂತ ನೀಲಿ ಕಿಡಿ ಹಾರಿತು. ಡಬ್ಬಿ ಒಂದು ಕಡೆ, ವೇಣು ಇನ್ನೊಂದು ಕಡೆ. ಅವನ ಕೂದಲು ಸಂಜೆವರೆಗೂ ನಿಂತೇ ಇತ್ತು. ಪ್ರೀತಿ ಹಿಂಗೆ ಹೊಡೆಯುತ್ತೆ ಅಂತ ಯಾರೂ ಹೇಳಿರಲಿಲ್ಲ ಅಂತ ನಕ್ಕ. ಮುನಿಲಕ್ಷ್ಮಿ ನಗಲಿಲ್ಲ, ಬೆರಳನ್ನೇ ನೋಡುತ್ತಿದ್ದಳು.

ಆ ವಾರ ವೇಮಗಲ್‌ನಲ್ಲಿ ಸಂಜೆ ಕರೆಂಟು ಹೋಯಿತು. ಧನಶ್ರೀಯ ಫೋನು ಕೊನೆಯುಸಿರು ಎಳೆಯುತ್ತಿತ್ತು. ಮುನಿಲಕ್ಷ್ಮಿ ತಮಾಷೆಗೆ ಚಾರ್ಜರನ್ನು ಮುಷ್ಟಿಯಲ್ಲಿ ಹಿಡಿದಳು. ಫೋನು ಟಿಂಗ್ ಅಂದಿತು. ಇಬ್ಬರೂ ಮುಖ ಮುಖ ನೋಡಿಕೊಂಡು, ಬಾಗಿಲು ಹಾಕಿ, ಬಾಯಿಗೆ ದಿಂಬು ಒತ್ತಿಕೊಂಡು ಕಿರುಚಿದರು.

ಅಲ್ಲಿಂದ ಮುಂದೆ ನಿಲ್ಲಿಸುವವರು ಯಾರು? ಟ್ಯೂಬ್‌ಲೈಟು ಕೈಯಲ್ಲಿ ಹಿಡಿದರೆ ಹಾಲು ಚೆಲ್ಲಿದ ಹಾಗೆ ಉರಿಯಿತು. ಮನೆ ಓನರ್ ಭಾರತಮ್ಮನ ಮಿಕ್ಸಿಯ ಪ್ಲಗ್ಗು ಹಿಡಿದರೆ ಚಟ್ನಿ ನುಣ್ಣಗಾಯಿತು. ಭಾರತಮ್ಮ ಬೆಚ್ಚಿಬೀಳಲೂ ಇಲ್ಲ, ಹಾಗಾದರೆ ಬೋರಿನ ಮೋಟರೂ ಓಡಿಸ್ತೀಯೇನಮ್ಮಾ ಅಂತ ವಿಚಾರಿಸಿದಳು. ಬಸ್ಸಿಳಿದು ರೂಮಿಗೆ ನಡೆಯುವ ದಾರಿಯಲ್ಲಿ ಕಂಪನಿ ಹುಡುಗಿಯರ ಹಿಂದೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಸುತ್ತುವವನೊಬ್ಬನಿದ್ದ. ದುಪಟ್ಟಾ ಎಳೆದು ಓಡುವುದು ಅವನ ಪೌರುಷ. ಮುನಿಲಕ್ಷ್ಮಿ ಅವನ ಗಾಡಿಯ ಹಿಂದೆ ಅಂಗೈ ಇಟ್ಟಳು. ದೀಪ, ಹಾರನ್ನು, ಮೀಟರು ಎಲ್ಲ ಒಟ್ಟಿಗೆ ಸತ್ತವು. ಅವನು ಗಾಡಿ ತಳ್ಳಿಕೊಂಡು ಹೋಗುತ್ತಿದ್ದರೆ ಇಡೀ ಶಿಫ್ಟಿನ ಹುಡುಗಿಯರು ಹಿಂದೆ ಹಿಂದೆ ನಡೆದು, ದಾರಿ ಬಿಡಣ್ಣಾ, ಪೆಟ್ರೋಲು ಹಾಕಿಸ್ಲಾ ಅಣ್ಣಾ ಅಂತ ಊರ ಬಾಗಿಲವರೆಗೂ ಬೀಳ್ಕೊಟ್ಟರು.

“ನಿಂಗೊಂದು ಹೆಸರಿಡ್ಬೇಕು ಕಣೇ,” ಅಂದಳು ಧನಶ್ರೀ ಆ ಸಂಜೆ. “ಡ್ರೆಸ್ಸಂತೂ ಕಂಪನಿನೇ ಕೊಟ್ಟೈತೆ. ಕೋಟು, ಟೋಪಿ, ಮಾಸ್ಕು. ಹೆಸರೊಂದೇ ಬಾಕಿ.”

“ಹೆಸರು ಇದೆಯಲ್ಲೇ, ಮುನಿಲಕ್ಷ್ಮಿ.”

“ಅದು ರೇಷನ್ ಕಾರ್ಡಿಗೆ ಕಣೇ.”

ಖುಷಿಯಲ್ಲಿ ಇಬ್ಬರೂ ಮರೆತದ್ದು ಬೋರ್ಡುಗಳನ್ನು. ಲೈನಿನಿಂದ ಹೋದ ಬೋರ್ಡುಗಳು ಹೊರಗೆ ಚೆನ್ನಾಗಿದ್ದವು, ಒಳಗೆ ಸತ್ತಿದ್ದವು. ಸತ್ತವೆಲ್ಲ ವೇಣುವಿನ ಮೇಜಿನ ಮೇಲೆ ಗುಡ್ಡೆ ಬಿದ್ದವು. ಪ್ಲಾಂಟ್ ಮ್ಯಾನೇಜರ್ ಮುರಳಿಮೋಹನ್ ಬಾಗಿಲಿನ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿಸಿ ನೋಡಿದರು. ಒಂದೇ ಕೈ ಎರಡೆರಡು ಸಲ ಮಿಷಿನ್ನಿಗೆ ಚಾಚುವುದು ಕಂಡಿತು. ಮಣಿಕಟ್ಟಿನ ಮೇಲಿನ ಹಚ್ಚೆಯಿಂದ ಕೈ ಧನಶ್ರೀಯದು ಅಂತ ಗೊತ್ತಾಯಿತು. ಹಿಂದೆ ನಿಂತವಳು ಯಾರು ಅಂತ ಮಾತ್ರ ಗೊತ್ತಾಗಲಿಲ್ಲ. ಹೆಂಗಸರ ಮುಖ ಮುಚ್ಚಿಸಿದವರಿಗೆ ಈಗ ಮುಖ ಬೇಕಾಗಿತ್ತು.

ಬೆಳಗಿನ ಶಿಫ್ಟು ಶುರುವಾಗುತ್ತಿದ್ದಂತೆ ಧನಶ್ರೀಯನ್ನು ಲೈನಿನ ಪಕ್ಕದ ಗಾಜಿನ ಕ್ಯಾಬಿನ್ನಿಗೆ ಕರೆದರು. ಆಫೀಸರ ಕಾರ್ಡು ತೋರಿಸದೆ ತೆರೆಯದ ಬಾಗಿಲು ಅದು. ಗಾಜಿನಾಚೆ ಅವಳು ತಲೆ ಅಲ್ಲಾಡಿಸುವುದಷ್ಟೇ ಕಾಣುತ್ತಿತ್ತು. ಇಲ್ಲ. ಇಲ್ಲ. ಇನ್ನೊಂದು ಸಲ, ಇಲ್ಲ.

ವೇಣು ಬೋರ್ಡು ನೋಡುವ ನೆಪದಲ್ಲಿ ಮುನಿಲಕ್ಷ್ಮಿಯ ಪಕ್ಕಕ್ಕೆ ಬಂದು ಎಲ್ಲ ಪಿಸುಗುಟ್ಟಿದ. ಹಿಂದಿದ್ದವಳ ಹೆಸರು ಕೇಳುತ್ತಿದ್ದಾರೆ, ಅವಳು ಹೇಳುತ್ತಿಲ್ಲ. ಸಂಜೆಯೊಳಗೆ ಹೇಳದಿದ್ದರೆ, ಬೇಕಂತಲೇ ಮಾಲು ಹಾಳು ಮಾಡಿದೆ ಅಂತ ಬರೆದ ಕಾಗದಕ್ಕೆ ಸೈನ್ ಹಾಕಿ ಕೆಲಸ ಬಿಡಬೇಕು, ಇಲ್ಲವೆಂದರೆ ಪೊಲೀಸು. ಸತ್ತ ಬೋರ್ಡು ನೋಡಿದ ದಿನವೇ ತನಗೆ ಮುನಿಲಕ್ಷ್ಮಿಯ ಮೇಲೆ ಅನುಮಾನ ಬಂದಿತ್ತು, ಯಾರಿಗೂ ಹೇಳಲಿಲ್ಲ ಅಂತಲೂ ಅಂದ.

“ನೀನು ಬಾಯಿ ಬಿಡ್ಬೇಡ. ನಿನ್ನ ಉಳಿಸ್ಕೊಳ್ಳೋಕೇ ನಾನು ಇಷ್ಟು ಮಾಡಿದ್ದು. ಅವಳು ಹೆಂಗೋ ಬೇರೆ ಕಡೆ ಸೇರ್ಕೋತಾಳೆ.”

“ಅವಳನ್ನ ಕೊಟ್ಟು ನನ್ನ ಉಳಿಸ್ಕೋತೀಯಾ ವೇಣು?”

ವೇಣು ಕೈಯಲ್ಲಿದ್ದ ಬೋರ್ಡನ್ನು ಬೆಲ್ಟಿನ ಮೇಲಿಟ್ಟ. ಆಮೇಲೆ ಹೊರಟುಹೋದ.

ಮುನಿಲಕ್ಷ್ಮಿಯ ಮೈಯೆಲ್ಲ ಗುಂಯ್ ಅನ್ನುತ್ತಿತ್ತು. ಒಂದು ಬೆರಳು ತಾಗಿಸಿ ಕ್ಯಾಮೆರಾ ಸುಡಬಹುದು, ಕಂಪ್ಯೂಟರು ಸುಡಬಹುದು. ಮಾಸ್ಕಿನ ಹಿಂದೆ ಯಾರಿಗೂ ಗೊತ್ತಾಗದು. ಆದರೆ ಸುಟ್ಟದ್ದೆಲ್ಲ ಧನಶ್ರೀಯ ತಲೆಗೇ ಬರುತ್ತದೆ. ಊರಿಗೇ ದೀಪ ಹಚ್ಚುವಷ್ಟು ಶಕ್ತಿ ಅಂಗೈಯಲ್ಲಿದ್ದರೂ ಗೆಳತಿಗೆ ಬೇಕಾದದ್ದು ಒಂದು ಹೆಸರು ಮಾತ್ರ. ಅದನ್ನು ಹೇಳಿದರೆ ತನ್ನೂರು ರಾಯಲ್ಪಾಡಿನ ಮನೆಗೆ ಆಸರೆಯಾದ ಈ ಕೆಲಸ ಹೋಗುತ್ತದೆ.

ಊಟದ ಬೆಲ್ಲಾಯಿತು. ಲಾಕರಿನಿಂದ ಫೋನು ತೆಗೆದು ಅಮ್ಮನಿಗೆ ಮಾಡಿದಳು. ಅಮ್ಮ ಚಿಕ್ಕವೆಂಕಟಮ್ಮ ಊರಲ್ಲಿ ಟೊಮೆಟೊ ಬಿಡಿಸುತ್ತಿದ್ದಳು. ಮುನಿಲಕ್ಷ್ಮಿ ಮನೆಯ ತೆಲುಗಿನಲ್ಲಿ ಒಂದೇ ಉಸಿರಿಗೆ ಎಲ್ಲ ಸುರಿದಳು: ಕಿಡಿ, ಮಿಕ್ಸಿ, ಬೋರ್ಡು, ಧನಶ್ರೀ. ಅಮ್ಮ ಕಿಡಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಆ ಪಿಲ್ಲ ಅನ್ನಂ ತಿನಿಂದಾ?” ಅಂದಳು. ಆ ಹುಡುಗಿ ಊಟ ಮಾಡಿದ್ದಾಳಾ ಅಂತ.

ಇಲ್ಲ. ಬೆಳಗಿನಿಂದ ಇಲ್ಲ.

“ಮರಿ ಪೋ.” ಮತ್ತೆ ಇನ್ನೇನು, ಹೋಗು ಅಂದು ಫೋನಿಟ್ಟಳು.

ಮುನಿಲಕ್ಷ್ಮಿ ಕ್ಯಾಂಟೀನಿನಲ್ಲಿ ತಟ್ಟೆಗೆ ಮುದ್ದೆ, ಅನ್ನ, ಸಾರು ಹಾಕಿಸಿಕೊಂಡಳು. ತಟ್ಟೆ ಹಿಡಿದುಕೊಂಡೇ ಇಡೀ ಲೈನು ದಾಟಿ ನಡೆದಳು. ಊಟ ಮುಗಿಸಿ ಬರುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಕ್ಯಾಬಿನ್ನಿನ ಬಾಗಿಲಿಗೆ ಅಂಗೈ ಇಟ್ಟಳು. ಬೀಗದ ಕೆಂಪು ದೀಪ ಆರಿತು, ಬಾಗಿಲು ತೆರೆಯಿತು.

ಒಳಗೆ ಮುರಳಿಮೋಹನ್, ಮೇಜು, ಮೇಜಿನ ಮೇಲೆ ಕಾಗದ, ಎದುರಿಗೆ ಧನಶ್ರೀ. ಮುನಿಲಕ್ಷ್ಮಿ ಕಾಗದವನ್ನು ಸರಿಸಿ ಅದೇ ಜಾಗದಲ್ಲಿ ತಟ್ಟೆ ಇಟ್ಟಳು. ಮಾಸ್ಕು ಎಳೆದು ಗಲ್ಲಕ್ಕಿಳಿಸಿದಳು.

“ಇವಳ ಹಿಂದೆ ನಿಂತಿದ್ದವಳು ನಾನೇ ಸಾರ್. ಬೋರ್ಡು ಸತ್ತಿದ್ದು ನನ್ನ ಕೈಯಿಂದ. ಬ್ಯಾಂಡು ಕೇಳ್ದೆ, ನೀವು ಕೊಡ್ಲಿಲ್ಲ.”

ಮುರಳಿಮೋಹನ್ ನಕ್ಕುಬಿಟ್ಟರು. ಒಬ್ಬ ಹುಡುಗಿಯ ಕೈಯಿಂದ ಅಷ್ಟು ಬೋರ್ಡು ಸಾಯುತ್ತವಾ, ಕಥೆ ಕಟ್ಟಬೇಡ ಅಂದರು. ಮುನಿಲಕ್ಷ್ಮಿ ಅವರ ಲ್ಯಾಪ್‌ಟಾಪಿಗೆ ಒಂದು ಬೆರಳು ತಾಗಿಸಿದಳು. ಪರದೆ ಕಪ್ಪಾಯಿತು. ಮೇಜಿನ ಮೇಲಿದ್ದ ಅವರ ಫೋನಿಗೂ ತಾಗಿಸಿದಳು. ಅದೂ ಹೋಯಿತು.

ಅವರ ನಗು ನಿಂತಿತು. ಅವರು ಅವಳನ್ನು ನೋಡುವ ರೀತಿಯೇ ಬದಲಾಯಿತು. ಹೊಸ ಮಿಷಿನ್ನು ಬಂದಿಳಿದಾಗ ಅದರ ಸುತ್ತ ಒಂದು ಸುತ್ತು ಬಂದು ನೋಡುತ್ತಾರಲ್ಲ, ಹಾಗೆ. ಧ್ವನಿಗೆ ಜೇನು ಬಂತು. ಕುತ್ಕೋಮ್ಮ ಅಂದರು. ಇದು ದೊಡ್ಡ ಟ್ಯಾಲೆಂಟು, ಲೈನಿನಲ್ಲಿ ವೇಸ್ಟಾಗಬಾರದು, ಇನ್ನು ಕಾಂಟ್ರಾಕ್ಟ್ ಇಲ್ಲ, ಪರ್ಮನೆಂಟು, ಕ್ವಾರ್ಟರ್ಸು ಅಂದರು. ಒಂದೇ ಒಂದು ಫಾರ್ಮಾಲಿಟಿ ಬಾಕಿ.

“ಇವಳೊಂದು ಸೈನ್ ಹಾಕಿದ್ರೆ ಬೋರ್ಡಿನ ವಿಷಯ ಮುಗೀತು. ನಿನ್ನ ಹೆಸರು ಎಲ್ಲೂ ಬರಲ್ಲ.”

ಒಂದು ಗಳಿಗೆ ಮುನಿಲಕ್ಷ್ಮಿಯ ಕಣ್ಣಮುಂದೆ ಟೊಮೆಟೊ ಸಾಲಿನಲ್ಲಿ ಬಗ್ಗಿದ ಅಮ್ಮನ ಬೆನ್ನು ಬಂದುಹೋಯಿತು. ಧನಶ್ರೀ ಬಾಯಿಯಲ್ಲಿದ್ದ ಮುದ್ದೆ ನುಂಗದೆ ಅವಳನ್ನೇ ನೋಡುತ್ತಿದ್ದಳು.

“ಅವಳು ಸೈನ್ ಹಾಕಲ್ಲ ಸಾರ್. ಊಟ ಮಾಡ್ತಿದ್ದಾಳೆ.”

ಮುರಳಿಮೋಹನ್ ಸೆಕ್ಯೂರಿಟಿಗೆ ಬೆಲ್ಲು ಒತ್ತಿದರು. ಮುನಿಲಕ್ಷ್ಮಿ ಆಚೆ ಬಂದು, ಲೈನಿಗೆ ಕರೆಂಟು ಇಳಿಯುವ ಕಂಬಕ್ಕೆ ಎರಡೂ ಅಂಗೈ ಒತ್ತಿ, ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಬಿಟ್ಟಳು. ದಡ್ ಅಂತ ಒಂದು ಸದ್ದು. ಬೆಲ್ಟುಗಳು ನಿಂತವು, ದೀಪ ಹೋದವು. ಹಗಲೂ ರಾತ್ರಿಯೂ ಗುರ್ ಅನ್ನುತ್ತಿದ್ದ ಆ ಹಾಲಿನಲ್ಲಿ ಮೊದಲ ಸಲ ಮನುಷ್ಯರ ಉಸಿರು ಕೇಳಿಸಿತು. ಆ ನಿಶ್ಶಬ್ದದಲ್ಲಿ ಅವಳು ಹೇಳಿದಳು. ಬ್ಯಾಂಡಿನ ವೈರು ತುಂಡಾದದ್ದು, ಕೇಳಿದ್ದು, ಸ್ಟಾಕ್ ಇಲ್ಲ ಅಂದದ್ದು, ಗೆಳತಿ ಕೈ ಕೊಟ್ಟದ್ದು, ಮಾಲು ಹಾಳು ಮಾಡಿದ್ದು ಆ ಕೈಯೇ ಅಂತ ಈಗ ಬರೆಸಿಕೊಳ್ಳುತ್ತಿರುವುದು.

ಅಷ್ಟೂ ಕಣ್ಣುಗಳು ಮಾಸ್ಕಿನ ಮೇಲಿಂದ ನೋಡುತ್ತಿದ್ದವು. ಮುನಿಲಕ್ಷ್ಮಿಯ ಮೈ ಬರಿದಾಗಿತ್ತು. ಇನ್ನು ಸೆಕ್ಯೂರಿಟಿಯವರು ಬಂದರೆ ತಡೆಯಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಲೈನಿನ ಕೊನೆಯಿಂದ ಒಂದು ಕೈ ಮೇಲಕ್ಕೆ ಹೋಯಿತು. ಮುನಿಯಲ್ಲಮ್ಮ, ಲೈನಿಗೆಲ್ಲ ಹಿರಿಯಳು.

“ನಂದೂ ತುಂಡಾಗೈತೆ ಕಣಮ್ಮಾ, ಯುಗಾದಿಯಿಂದ. ಬಾಗಿಲಲ್ಲಿ ಯಾರದ್ದಾದ್ರೂ ಬ್ಯಾಂಡು ಇಸ್ಕೊಂಡು ಹಸಿರು ಮಾಡಿಸ್ಕೋತೀನಿ. ಮನೇಲಿ ನನ್ನ ಮುಟ್ಟಿದ್ರೆ ಮೊಮ್ಮಗ ಹೌಹಾರ್ತಾನೆ. ನಾನು ಬಿಪಿ ಅಂದ್ಕೊಂಡಿದ್ದೆ.”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಂದು ಕೈ, ತುಂಡು ವೈರು ಜೋತಾಡುವ ಕೈ. ನಂದೂ. ನಂದೂ ಕಣಕ್ಕಾ. ನಾನು ಟಿವಿ ಮುಟ್ಟಿದ್ರೆ ಚಾನೆಲ್ ಬದಲಾಗುತ್ತೆ. ನಾನು ಗೊತ್ತಿದ್ರೂ ಹೇಳ್ಲಿಲ್ಲ, ದೆವ್ವ ಅಂತಾರೆ ಅಂತ. ಎಷ್ಟು ಕೈ ಎದ್ದವೋ, ಅವುಗಳ ನೆತ್ತಿಯ ಮೇಲೆ ಆರಿಹೋದ ಟ್ಯೂಬ್‌ಲೈಟುಗಳು ಮಿಣುಕಿ, ತಡವರಿಸಿ, ಒಂದೊಂದೇ ಹೊತ್ತಿಕೊಂಡವು. ಮೇನ್ ಇನ್ನೂ ಸತ್ತೇ ಇತ್ತು. ಅಷ್ಟು ಬೋರ್ಡು ಒಬ್ಬಳ ಕೈಯಿಂದ ಹೇಗೆ ಸಾಯುತ್ತವೆ ಅಂತ ಕೇಳಿದ್ದ ಮುರಳಿಮೋಹನ್ ಗಾಜಿನ ಹಿಂದೆ ತಲೆಯೆತ್ತಿ ಆ ಬೆಳಕನ್ನೇ ನೋಡುತ್ತಿದ್ದರು. ಓಡಿಬಂದ ಸೆಕ್ಯೂರಿಟಿಯವನು ಬಾಗಿಲ ಹಿಡಿ ಮುಟ್ಟಿ, ಅಯ್ಯಪ್ಪಾ ಅಂದು ಅಲ್ಲೇ ನಿಂತ.

ಸ್ಟೋರಿನಿಂದ ಹೊಸ ಬ್ಯಾಂಡುಗಳ ಪೆಟ್ಟಿಗೆಗಳು ಬಂದವು. ಸೀಲು ಒಡೆಯದ ಪೆಟ್ಟಿಗೆಗಳು, ಮೇಲೆ ಧೂಳು. ಮುರಳಿಮೋಹನ್ ತಾವೇ ಹೊತ್ತುತಂದು, ಕಟ್ಟಿಕೊಳ್ಳಿ, ದಯವಿಟ್ಟು ಎಲ್ಲರೂ ಕಟ್ಟಿಕೊಳ್ಳಿ ಅಂತ ಅಂಗಲಾಚಿದರು. ಒಂದು ಕೈಯೂ ಚಾಚಲಿಲ್ಲ. ಎಲ್ಲರೂ ಕ್ಯಾಬಿನ್ನಿನ ಕಡೆ ನೋಡಿದರು. ಧನಶ್ರೀ ತಟ್ಟೆ ಬಳಿದು, ಕೈ ತೊಳೆದು, ಕೋಟಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಮೊದ್ಲು ಆ ಕಾಗದ ಹರೀರಿ ಸಾರ್. ಎಲ್ಲರಿಗೂ ಕಾಣೋ ಹಂಗೆ ಹರೀರಿ. ಇನ್ಮೇಲೆ ಇಲ್ಲಿ ಯಾರನ್ನೂ ಆ ಗಾಜಿನೊಳಗೆ ಕೂಡಿಹಾಕೋ ಹಂಗಿಲ್ಲ. ಇಷ್ಟಾದ ಮೇಲೆ ಕಟ್ಕೊಳ್ಳೋದಾ ಬೇಡವಾ ಅಂತ ನಾವು ಮಾತಾಡಿ ಹೇಳ್ತೀವಿ.”

ಅವರು ಹರಿದರು. ನಾಲ್ಕು ಚೂರು ಮಾಡಿದಾಗ ಮುನಿಯಲ್ಲಮ್ಮ ಇನ್ನೂ ಸಣ್ಣಕೆ ಅಂದಳು. ಇನ್ನೂ ಸಣ್ಣಕೆ ಹರಿದರು. ಆಗ ಎದ್ದ ಕೂಗಿಗೆ ತಗಡಿನ ಚಾವಣಿ ಅದುರಿತು. ಹೆಂಗಸರು ಮಾಸ್ಕು ಕಿತ್ತು ಗಾಳಿಗೆ ಎಸೆದರು; ಇಷ್ಟು ದಿನ ಪಕ್ಕಪಕ್ಕ ನಿಂತು ದುಡಿದು, ಬೇರೆ ಬೇರೆ ಸರದಿಯಲ್ಲಿ ಉಣ್ಣುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಅಯ್ಯೋ ನೀನು ಇಷ್ಟು ಚಿಕ್ಕವಳಾ, ನಿಂಗೆ ಮೂಗುತಿ ಇದೆಯಾ ಅಂತ ಬೆರಗಾದರು. ವೇಣು ಬಾಗಿಲ ಬಳಿ ನಿಂತಿದ್ದ. ಮುನಿಲಕ್ಷ್ಮಿ ಅವನನ್ನು ಕಂಡಳು, ಮಾತಾಡಿಸಲಿಲ್ಲ.

ಸಂಜೆ ಬಸ್ಸಿನಲ್ಲಿ ಧನಶ್ರೀ ಕಿಟಕಿ ಪಕ್ಕ ಕೂತು ಮುಖ ತಿರುಗಿಸಿಕೊಂಡಿದ್ದಳು. ನರಸಾಪುರ ದಾಟಿತು. ಮುನಿಲಕ್ಷ್ಮಿ ತಾಳಲಾರದೆ, ಯಾಕೆ ಸಿಟ್ಟಾ ಅಂದಳು.

“ಸಿಟ್ಟಲ್ದೆ ಇನ್ನೇನು? ಬೆಳಗಿನಿಂದ ಒಬ್ಳೇ ಕೂತಿದ್ದೆ. ಊಟದ ಹೊತ್ತಿನ ತನಕ ಬೇಕಿತ್ತಾ ನಿಂಗೆ?”

“ಭಯ ಆಗಿತ್ತು ಕಣೇ.”

“ನಂಗಾಗಿರ್ಲಿಲ್ವಾ?” ಅಂದು ಧನಶ್ರೀ ತನ್ನ ಬ್ಯಾಂಡು ನೋಡಿಕೊಂಡಳು. “ಇಡೀ ಲೈನಿಗೇ ಶಕ್ತಿ ಬಂದೈತೆ. ನಂದೊಂದೇ ದರಿದ್ರ ಬ್ಯಾಂಡು ಸರಿಯಾಗಿದ್ದಿದ್ದು.”

ಹಿಂದಿನ ಸೀಟುಗಳಲ್ಲಿ ನಗುವೋ ನಗು. ನಿಂಗೆ ಬಾಯಿದೆಯಲ್ಲೇ, ಅದಕ್ಕೆ ಯಾವ ಬ್ಯಾಂಡೂ ಸಾಲಲ್ಲ ಅಂದಳು ಮುನಿಯಲ್ಲಮ್ಮ. ಧನಶ್ರೀಗೂ ನಗು ತಡೆಯಲಾಗಲಿಲ್ಲ. ನಾಳೆ ಏನೇನು ಕೇಳಬೇಕು ಅಂತ ಬಸ್ಸಿನ ತುಂಬ ಗಲಾಟೆ ಎದ್ದಿತು, ಡ್ರೈವರೂ ಕನ್ನಡಿಯಲ್ಲಿ ನೋಡಿ ಒಂದು ಬೇಡಿಕೆ ಸೇರಿಸಿದ. ಆ ಗಲಾಟೆಯ ನಡುವೆಯೇ ಧನಶ್ರೀ ಆಕಳಿಸಿ ಗೆಳತಿಯ ಭುಜಕ್ಕೆ ತಲೆಯಿಟ್ಟಳು. ಮರುಗಳಿಗೆ ಬೆಚ್ಚಿ ಎತ್ತಿದಳು. ಖಾಲಿಯಾಗಿದ್ದ ಮುನಿಲಕ್ಷ್ಮಿ ಆಗಲೇ ತುಂಬಿಕೊಳ್ಳತೊಡಗಿದ್ದಳು.

“ಸ್ವಲ್ಪ ಕಮ್ಮಿ ಮಾಡ್ಕೊಳೇ,” ಅಂದು ಧನಶ್ರೀ ಮತ್ತೆ ಅಲ್ಲೇ ತಲೆಯಿಟ್ಟಳು. “ನಂಗೆ ನಿದ್ದೆ ಬರ್ತೈತೆ.”