ಅತ್ತರೆ ಅಮ್ಮ ಮುನಿಯುತ್ತಾಳೆ

ಕಂಪ್ಲಿಯ ಕೋಟೆ ಓಣಿಯಲ್ಲಿ ತೋಟಪ್ಪನ ಮನೆಯೆಂದರೆ ಬೆಳಗಿನ ಹೊತ್ತು ಮಜ್ಜಿಗೆ ಕಡೆಯುವ ಸದ್ದು, ಅದರ ಹಿಂದೆಯೇ ಹಂಪಮ್ಮನ ಹಟ. ಐದು ವರ್ಷದ ಆ ಹುಡುಗಿಗೆ ಬೆರಳ ತುದಿಯಷ್ಟು ಬೆಣ್ಣೆ ಸಾಲದು, ಅಂಗೈ ತುಂಬ ಬೇಕು. ತಾಯಿ ಸಂಗಮ್ಮ ಗದರುತ್ತಲೇ ಕೊಡುತ್ತಿದ್ದಳು. ತೊಟ್ಟಿಲಲ್ಲಿ ಗಂಡುಕೂಸು ಪಂಪಣ್ಣ.

ಆ ಬೇಸಗೆಯಲ್ಲಿ ಹುಡುಗಿಗೆ ಸಿಡುಬು ಎದ್ದಿತು. ಮನೆಯವರ ಬಾಯಲ್ಲಿ ಅದು ರೋಗವಲ್ಲ, ‘ಅಮ್ಮ’ ಬಂದದ್ದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು. ಹಂಪಮ್ಮ ತಾಯಿಯ ತೊಡೆಯ ಮೇಲೆಯೇ ತಣ್ಣಗಾದಳು.

ಸಂಗಮ್ಮ ಚೀರುವಷ್ಟರಲ್ಲಿ ಅತ್ತೆ ಮರುಳಸಿದ್ದಮ್ಮ ಸೆರಗಿನಿಂದ ಅವಳ ಬಾಯಿ ಮುಚ್ಚಿದಳು.

“ಅಳಬ್ಯಾಡ! ಅಮ್ಮ ತನ್ನ ಕೂಸನ್ನ ತಾ ಒಯ್ದಾಳ. ಕಣ್ಣೀರು ಕಂಡ್ರ ಸಿಟ್ಟಾಗಿ ತೊಟ್ಲಾಗಿಂದಕ್ಕೂ ಕೈ ಹಾಕ್ತಾಳ.”

ಹೆತ್ತವಳಿಗೆ ಹೂ ಮುಡಿಸಿದರು, ಹಸಿರು ಬಳೆ ತೊಡಿಸಿದರು. ಮಗಳನ್ನು ಮಣ್ಣು ಮಾಡಿದ ದಿನವೇ ಅಮ್ಮನಿಗೆ ಹೋಳಿಗೆಯ ಎಡೆ. ಹಿಟ್ಟು ನಾದಿದವಳು ಸಂಗಮ್ಮನೇ. ತೋಟಪ್ಪ ಹಿತ್ತಲ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ತಾಯಿ ಕರೆದೊಡನೆ ಮುಖ ಒರೆಸಿಕೊಂಡು ಒಳಗೆ ಬಂದ.

ಹೊಸಪೇಟೆಯಲ್ಲಿ ಮೇಷ್ಟ್ರಾಗಿದ್ದ ಸಂಗಮ್ಮನ ಅಣ್ಣ ಗಾದಿಲಿಂಗಪ್ಪ ಸುದ್ದಿ ತಿಳಿದು ಓಡಿಬಂದ. ತಂಗಿ ನಗುತ್ತ ನೀರು ಕೊಟ್ಟಳು. ಆ ನಗೆ ಕಂಡು ಅವನಿಗೆ ದಿಗಿಲಾಯಿತು.

“ಅತ್ತಿ, ಹಡೆದ ಹೊಟ್ಟಿ ಅದು, ಅಳಾಕ ಬಿಡ್ರಿ. ಸಣ್ಣ ಕೂಸಿಗಾದ್ರೂ ಸಿಡುಬಿನ ಚುಚ್ಚು ಹಾಕಿಸ್ರಿ. ಮದ್ರಾಸ್ ಸರ್ಕಾರದವ್ರು ಓಣಿಗೇ ಬರ್ತಾರ.”

“ಅಮ್ಮನ ಮ್ಯಾಲೆ ಸೂಜಿ ಎತ್ತು ಅಂತೀಯೇನಪಾ? ನಾನೂ ಮೂರು ಕೂಸು ಕಳಕೊಂಡೀನಿ. ಒಂದು ಹನಿ ಹಾಕಿಲ್ಲ. ಅದಕ್ಕ ಈ ತೋಟಪ್ಪ ಉಳದಾನ.”

“ಮೊದಲನೇದಕ್ಕ ನೀವು ಅಳಲಿಲ್ಲ ಅತ್ತಿ. ಮತ್ತ ಎರಡನೇದು ಯಾಕ ಹೋತು?”

ಮುದುಕಿ ಎದ್ದು ದೇವರ ಕೋಣೆಗೆ ನಡೆದಳು. “ಅವ್ವನ ಮಾತು ಮೀರಾಕ ನನ್ನಿಂದ ಆಗಂಗಿಲ್ಲ” ಎಂದ ತೋಟಪ್ಪ.

ಅದೇ ವಾರ ಸಂಗಮ್ಮ ಹೊಳೆಗೆ ಒಯ್ದ ಬಟ್ಟೆಯ ಗಂಟಿನಲ್ಲಿ ಹಂಪಮ್ಮನ ಲಂಗ ಸಿಕ್ಕಿತು. ಅದನ್ನು ಬಾಯಿಗೆ ತುರುಕಿಕೊಂಡು, ನೀರಿನಲ್ಲಿ ಮೊಳಕಾಲೂರಿ ಅತ್ತಳು. ಪಕ್ಕದ ಮನೆಯ ದುರುಗವ್ವ ಅದನ್ನು ಕಂಡಳು. ಕೆಲವೇ ದಿನಕ್ಕೆ ಕೂಸಿನ ಮೈ ಕಾದಿತು.

ಪಂಪಣ್ಣ ಹೋದಾಗ ಓಣಿಯಲ್ಲೆಲ್ಲ ಒಂದೇ ಮಾತು: “ಹಡೆದ ತಾಯೇ ಅತ್ತು ಕೊಂದ್ಲು.” ತೋಟಪ್ಪ ಅವಳ ಕೈಯ ನೀರು ಮುಟ್ಟಲಿಲ್ಲ. ಕೂಸಿಗೆ ಅಕ್ಕನಿಂದಲೇ ಅಂಟಿತ್ತು ಎಂದು ಅಣ್ಣ ಎಷ್ಟು ಹೇಳಿದರೂ ಸಂಗಮ್ಮನೂ ಓಣಿಯವರ ಮಾತನ್ನೇ ನಂಬಿದಳು. ಅವಳ ಕಣ್ಣು ಬತ್ತಿಹೋಯಿತು.

ಅಷ್ಟರಲ್ಲಿ ದುರುಗವ್ವನ ಮೊಮ್ಮಗನೂ ಹೋದ. ಆ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಸುದ್ದಿ ಕೇಳಿದ ಸಂಗಮ್ಮನಿಗೆ ಅಣ್ಣ ಅಂದು ಅತ್ತೆಗೆ ಕೇಳಿದ್ದ ಪ್ರಶ್ನೆ ನೆನಪಾಯಿತು.

ಮಳೆಗಾಲ ಕಳೆದ ಮೇಲೆ ಸರ್ಕಾರದ ಚುಚ್ಚು ಹಾಕುವ ಉಚ್ಚೆಂಗಪ್ಪ ಬಂದ. ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಸಂಗಮ್ಮ ಕಟ್ಟೆಗೆ ಬಂದು ಕುಳಿತು ತೋಳು ಚಾಚಿದಳು.

“ಮಕ್ಕಳೆಲ್ಲಿ ತಾಯಿ?”

“ಇಲ್ರಿ. ನನಗ ಹಾಕ್ರಿ. ಓಣಿಯವ್ರು ನೋಡ್ಲಿ.”

ಒಳಗಿನಿಂದ ಅತ್ತೆ ಕೂಗಿದಳು. ಸಂಗಮ್ಮ ಏಳಲಿಲ್ಲ. ಸೂಜಿ ಚರ್ಮ ಗೀರಿದ್ದೇ ತಡ, ಅವಳು ದನಿ ತೆಗೆದು ಅತ್ತಳು. ಇಬ್ಬರ ಹೆಸರನ್ನೂ ಕೂಗಿ ಕೂಗಿ ಅತ್ತಳು.

ಉಚ್ಚೆಂಗಪ್ಪ ಗಾಬರಿಯಾದ. “ಅಷ್ಟು ನೋವಾತೇನವಾ?”

“ಹೂಂರಿ. ಭಾಳ ನೋವಾತು.”

ಅವನು ಓಣಿಯ ತುದಿಯವರೆಗೂ ಬಾಗಿಲು ಬಡಿಯುತ್ತ ಹೋದ. ಒಂದೂ ತೆರೆಯಲಿಲ್ಲ.